ಪಂಪ್ ಸದ್ದಿನ ಬಗ್ಗೆ ನಮ್ಮ ಗ್ರಾಹಕರಿಗೆ

ಕಾರವಾರ

ಆತ್ಮೀಯ ಗ್ರಾಹಕರೇ, ನಮಸ್ಕಾರ.

ಉಪ್ಪುನೀರಿನ ಅಕ್ವೇರಿಯಂ ಇಟ್ಟವರಿಂದ ನಮ್ಮ ಅಂಗಡಿಗೆ ಬರುವ ಫೋನ್‌ಗಳಲ್ಲಿ ಮೀನಿನ ಮಾತಿಗಿಂತ ಸದ್ದಿನ ಮಾತೇ ಜಾಸ್ತಿ. ರಾತ್ರಿ ಗುಂಯ್ ಅನ್ನುತ್ತೆ, ನಿದ್ದೆ ಬರಲ್ಲ, ಬೇರೆ ಪಂಪ್ ಕೊಡಿ ಅಂತ. ಈ ಗಣೇಶ ಚೌತಿಯಿಂದ ನಮ್ಮ ಪದ್ಧತಿ ಬದಲಾಗುತ್ತದೆ. ಸದ್ದು ಅಂದ ಕೂಡಲೇ ಹೊಸ ಪಂಪ್ ಮಾರುವುದಿಲ್ಲ. ಮೊದಲು ಮನೆಗೆ ಬಂದು ಪಂಪ್ ಕೂತ ಜಾಗ, ಪೈಪು, ಒಳಗೆ ತಿರುಗಿ ನೀರು ತಳ್ಳುವ ಚಕ್ರ, ಅಂದ್ರೆ ಇಂಪೆಲ್ಲರ್ ನೋಡುತ್ತೇವೆ.

ಯಾಕೆ ಅಂದ್ರೆ, ಪಂಪಿನ ಸ್ವಂತ ಸದ್ದು ಸಣ್ಣದು. ಅದರ ನಡುಕ ಸಂಪಿನ (ಟ್ಯಾಂಕಿನ ಕೆಳಗೆ ಕ್ಯಾಬಿನೆಟ್ಟಿನಲ್ಲಿ ಪಂಪ್ ಕೂರುವ ಗಾಜಿನ ತೊಟ್ಟಿಯ) ಗಾಜಿಗೆ, ಅಲ್ಲಿಂದ ಪ್ಲೈವುಡ್ ಕ್ಯಾಬಿನೆಟ್ಟಿಗೆ ಹತ್ತುತ್ತದೆ. ಆಮೇಲೆ ಆ ಪೆಟ್ಟಿಗೆ ಚಂಡೆಯೇ ಸರಿ. ಶಿರಸಿ ಕಡೆಯ ಹಳೇ ಮನೆಗಳಲ್ಲಿ ಮರದ ಮೆತ್ತಿನ ಮೇಲೆ ಟ್ಯಾಂಕ್ ಇಟ್ಟರಂತೂ ಕೆಳಗೆ ಮಲಗಿದವರಿಗೂ ಕೇಳುತ್ತದೆ. (ಅಲ್ಲಿ ಭಾರದ ಚಿಂತೆಯೂ ಇದೆ. 200 ಲೀಟರ್ ಟ್ಯಾಂಕ್ ಅಂದ್ರೆ ನೀರೇ 200 ಕಿಲೋ ದಾಟುತ್ತದೆ.)

ನೀವೇ ಪರೀಕ್ಷೆ ಮಾಡಬಹುದು. ಪ್ಲಗ್ ಕಿತ್ತು, ಪಂಪಿನ ಅಡಿಗೆ ಸೋಪು ತಾಗದ ಹೊಸ ಸ್ಪಂಜ್ ಇಟ್ಟು, ಮತ್ತೆ ಹಾಕಿ. ಸದ್ದು ಇಳಿದರೆ ಪಂಪಿನ ತಪ್ಪಿಲ್ಲ. ಸ್ಪಂಜ್ ಬೇಗ ಕೊಳೆ ಹಿಡಿಯುವುದರಿಂದ ನಾವು ಅದರ ಬದಲು ಸಿಲಿಕಾನ್ ಪ್ಯಾಡ್ ಹಾಕುತ್ತೇವೆ. ಪಂಪಿಗೆ ನೇರವಾಗಿ ಕೂರಿಸಿದ ಪಿವಿಸಿ ಪೈಪನ್ನು ಕತ್ತರಿಸಿ, ನಡುವೆ ಒಂದು ಗೇಣು ಮೆತ್ತನೆಯ ಸಿಲಿಕಾನ್ ಟ್ಯೂಬ್ ಜೋಡಿಸುತ್ತೇವೆ. ಕ್ಲಿಪ್ ಪ್ಲಾಸ್ಟಿಕ್‌ನದೇ, ಸ್ಟೀಲಿನದು ಉಪ್ಪಿಗೆ ತುಕ್ಕು ಹಿಡಿಯುತ್ತದೆ. ಪೈಪ್ ಹೊರಬರುವ ತೂತಿನ ಅಂಚಿಗೆ ತಾಗುತ್ತಿದ್ದರೆ ತೂತು ದೊಡ್ಡದು ಮಾಡುತ್ತೇವೆ. ಪ್ಯಾಡ್, ಟ್ಯೂಬ್, ಕೂಲಿ ಸೇರಿ 450 ರೂಪಾಯಿ.

ಇಂಪೆಲ್ಲರ್ ಬಿಚ್ಚಿದರೆ ಸಾಮಾನ್ಯವಾಗಿ ಬಿಳಿ ಸುಣ್ಣದ ಪದರ ಕಾಣುತ್ತದೆ, ಕೆಲವೊಮ್ಮೆ ಪುಟ್ಟ ಹುಳದ ಚಿಪ್ಪುಗಳೂ ಇರುತ್ತವೆ. ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ ಒಂದು ಗಂಟೆ ನೆನೆಸಿ, ಹಳೇ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿ, ಚೆನ್ನಾಗಿ ತೊಳೆಯಿರಿ. ಇಂಪೆಲ್ಲರ್ ತಿರುಗುವ ಸೆರಾಮಿಕ್ ಕಡ್ಡಿ (ಶಾಫ್ಟ್) ಜೋಪಾನ, ಬಗ್ಗಿಸಿದರೆ ಪಟ್ ಅಂತ ಮುರಿಯುತ್ತದೆ.

ಹೊಸ ಸೆಟ್‌ಗಳಿಗೆ ಇನ್ನು ಮುಂದೆ ಡಿಸಿ ಪಂಪೇ ಬರುತ್ತದೆ. ನಮ್ಮ ಕರೆಂಟ್ 50 ಹರ್ಟ್ಸ್. ಎಸಿ ಪಂಪಿನ ಗುಂಯ್ ಸದ್ದಿನ ಮೂಲ ಅದೇ, ವೇಗ ತಗ್ಗಿಸಲೂ ಬರುವುದಿಲ್ಲ. ಡಿಸಿಯಲ್ಲಿ ರಾತ್ರಿ ವೇಗ ಇಳಿಸಬಹುದು. ಬೆಲೆ ಮಾತ್ರ ಜಾಸ್ತಿ. ಅದರ ಕಂಟ್ರೋಲರ್ ಕ್ಯಾಬಿನೆಟ್ ಒಳಗೆ ಬೇಡ, ಉಪ್ಪಿನ ಪಸೆಗೆ ಹಾಳಾಗುತ್ತದೆ. ಇನ್ನೊಂದು ಮಾತು: ಮಳೆಗಾಲದಲ್ಲಿ ಕರೆಂಟ್ ಹೋದಾಗ ಮಾತ್ರ ಎಸಿ ಪಂಪ್ ಗುರುಗುಟ್ಟಿದರೆ ಇನ್ವರ್ಟರ್ ನೋಡಿ. ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಮೋಟಾರ್‌ಗಳು ಹಾಗೇ ಅನ್ನುತ್ತವೆ.

ಕೋಡಿಬಾಗ, ಬೈತಖೋಲ, ಬಿಣಗಾ ಕಡೆಗೆ ಹೇಳಿದ ಮರುದಿನ ಬರುತ್ತೇವೆ. ಅಂಕೋಲಾ, ಕುಮಟಾದವರಿಗೆ ಭಾನುವಾರ. ಘಟ್ಟ ಹತ್ತಿ ಶಿರಸಿಗೆ ಬರುವುದು ಕೆಲವು ಮನೆಗಳ ಕೆಲಸ ಒಟ್ಟಾದಾಗ.

ಕರೆಯುವ ಮುಂಚೆ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ವಾಟ್ಸಾಪ್‌ಗೆ ಹಾಕಿ. ಗುಂಯ್ ಅಂದರೆ ನಡುಕ. ಟಕಟಕ ಅಂದರೆ ಬಹುಶಃ ಶಾಫ್ಟ್ ಸವೆದಿದೆ. ಗೊಳಗೊಳ ಅಂದರೆ ಸಂಪಿನಲ್ಲಿ ನೀರು ಇಳಿದು ಪಂಪ್ ಗಾಳಿ ಎಳೆಯುತ್ತಿದೆ. ಅದಕ್ಕೆ ನಾವು ಬರಬೇಕಿಲ್ಲ, ಗುರುತಿನವರೆಗೆ ಸಿಹಿನೀರು ತುಂಬಿಸಿ. ಉಪ್ಪುನೀರು ಬೇಡ, ಆವಿಯಾಗಿ ಹೋದದ್ದು ನೀರು ಮಾತ್ರ, ಉಪ್ಪು ಅಲ್ಲೇ ಇದೆ.

ಇಂತಿ,
ನಿಮ್ಮ ಅಕ್ವೇರಿಯಂ ಅಂಗಡಿಯವರು