ಕಿಟಕಿ ಕುಕ್ಕುವ ಹಕ್ಕಿ: ಎಲ್ಲರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಬೆಳಗ್ಗೆಯಿಂದ ಕಿಟಕಿಗೆ ಟಕ್ ಟಕ್ ಅಂತ ಕುಕ್ಕುವ ಹಕ್ಕಿಗೆ ಹುಚ್ಚೇನೂ ಹಿಡಿದಿಲ್ಲ. ಇದು ಮರಿ ಮಾಡುವ ಕಾಲ ಅಲ್ವಾ, ಗಾಜಿನಲ್ಲಿ ಕಾಣುವ ತನ್ನದೇ ಬಿಂಬವನ್ನು ಜಾಗ ಕಸಿಯಲು ಬಂದ ಇನ್ನೊಂದು ಹಕ್ಕಿ ಅಂದುಕೊಂಡಿದೆ. ನಿಜವಾದ ಹಕ್ಕಿಯಾಗಿದ್ದರೆ ಹೆದರಿ ಹಾರಿಹೋಗುತ್ತಿತ್ತು. ಇಲ್ಲಿ ಇದು ಕುಕ್ಕಿದಷ್ಟೂ ಅದೂ ತಿರುಗಿ ಕುಕ್ಕುತ್ತದೆ, ಪಾಪ!

ಒಳಗಿನ ಪರದೆ ಎಳೆದರೆ ಸಾಲದು, ಹೊರಗೆ ಬಿಂಬ ಹಾಗೇ ಇರುತ್ತದೆ. ಗಾಜಿನ ಹೊರಬದಿಗೆ ಹಳೇ ಪೇಪರ್ ಅಂಟಿಸಿ, ಇಲ್ಲವೇ ಸೋಪು ಉಜ್ಜಿ ಮಬ್ಬು ಮಾಡಿ. ಕಾರು, ಬೈಕಿನ ಕನ್ನಡಿಗೆ ಹಳೇ ಕಾಲುಚೀಲ ತೊಡಿಸಿದರೆ ಸಾಕು, ಬಾಗಿಲ ಮೇಲೆ ಹಿಕ್ಕೆ ಒರೆಸುವ ಕೆಲಸವೂ ತಪ್ಪುತ್ತದೆ. ಪಕ್ಕದ ಕಿಟಕಿಗೆ ಹೋದರೆ ಅದನ್ನೂ ಮುಚ್ಚಿ. ಸುಮ್ನೆ ಕಲ್ಲು ಹೊಡೆಯಬೇಡಿ, ಗೂಡು ಕೀಳಬೇಡಿ. ಸಾಮಾನ್ಯವಾಗಿ ಕೆಲವು ವಾರದಲ್ಲಿ ತಾನೇ ನಿಲ್ಲಿಸುತ್ತದೆ.