ಮಕ್ಕಳಿಗೆ ಕಡಲನ್ನು ಹಗಲು ಹೊತ್ತಿನಲ್ಲಿ ತೋರಿಸೋಣ: ಡಿಡಿಪಿಐ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಉಪನಿರ್ದೇಶಕರು,
ಶಾಲಾ ಶಿಕ್ಷಣ ಇಲಾಖೆ, ಹಾಸನ ಜಿಲ್ಲೆ

ಮಾನ್ಯರೇ,

ನಾನು ಸಕಲೇಶಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಈ ವರ್ಷದ ಶೈಕ್ಷಣಿಕ ಪ್ರವಾಸದ ಅರ್ಜಿಗಳು ನಿಮ್ಮ ಮೇಜಿಗೆ ಬರುವ ಮೊದಲೇ ಈ ಮಾತು ನಿಮ್ಮನ್ನು ತಲುಪಲಿ ಎಂದು ಬರೆಯುತ್ತಿದ್ದೇನೆ.

ನಮ್ಮ ಪ್ರವಾಸದ ಪಟ್ಟಿ ನಿಮಗೆ ಗೊತ್ತಿರುವುದೇ. ಎರಡು ದಿನದಲ್ಲಿ ಸುಬ್ರಹ್ಮಣ್ಯ, ಧರ್ಮಸ್ಥಳ, ಮಂಗಳೂರು, ಉಡುಪಿ, ಮುರುಡೇಶ್ವರ. ದರ್ಶನದ ಸಾಲಿನಲ್ಲೇ ಹೊತ್ತು ಹೋಗಿ, ಬಸ್ಸು ಕಡಲತೀರ ಮುಟ್ಟುವಾಗ ಸೂರ್ಯ ಮುಳುಗುತ್ತಿರುತ್ತಾನೆ. 'ಅರ್ಧ ಗಂಟೆ ಅಷ್ಟೇ' ಎಂದು ಕೂಗಿ ಮಕ್ಕಳನ್ನು ಇಳಿಸುತ್ತೇವೆ. ಕೆಲವು ವರ್ಷಗಳ ಹಿಂದೆ ಹಾಗೆ ಇಳಿದ ನಮ್ಮ ಒಂಬತ್ತನೇ ತರಗತಿಯ ಹುಡುಗನೊಬ್ಬ ನೇರ ನೀರಿಗೇ ಓಡಿದ. ಹೇಮಾವತಿ ಹೊಳೆಯಲ್ಲಿ ಈಜಿ ಬೆಳೆದವನು. ಹೊಳೆಯ ನೀರೇ ಬೇರೆ, ಕಡಲ ನೀರೇ ಬೇರೆ ಎಂದು ಅವನಿಗೆ ನಾವ್ಯಾರೂ ಹೇಳಿರಲಿಲ್ಲ. ಜೀವರಕ್ಷಕರ ಸೀಟಿ ಕೇಳಿ ನಾನು ತಿರುಗಿದಾಗ ಅವನ ತಲೆಯಷ್ಟೇ ಕಾಣುತ್ತಿತ್ತು. ಅವರು ಎಳೆದು ತಂದರು, ಹುಡುಗ ಉಳಿದ. ತಪ್ಪು ನನ್ನದು, ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದ ದಿನ ನನಗೆ ಆ ಹುಡುಗನ ಮುಖವೇ ಕಣ್ಣಿಗೆ ಕಟ್ಟಿತು. 'ಇನ್ನು ಕಡಲ ಸಹವಾಸವೇ ಬೇಡ' ಎಂಬ ಮಾತು ನಮ್ಮ ಸ್ಟಾಫ್ ರೂಮಿನಲ್ಲೂ ಬಂತು. ನಾನು ಒಪ್ಪಲಿಲ್ಲ. ನಾವು ಕರೆದುಕೊಂಡು ಹೋಗದಿದ್ದರೆ ಇದೇ ಮಕ್ಕಳು ನಾಲ್ಕು ವರ್ಷ ಕಳೆದ ಮೇಲೆ ಸ್ನೇಹಿತರ ಜೊತೆ ಬೈಕಿನಲ್ಲಿ ಶಿರಾಡಿ ಘಾಟಿ ಇಳಿದು ಕಡಲಿಗೆ ಹೋಗುತ್ತಾರೆ. ಆಗ ಹೇಳುವವರು ಯಾರೂ ಇರುವುದಿಲ್ಲ.

ಆಮೇಲೆ ನಾನೇ ಎರಡು ದಿನ ರಜೆ ಹಾಕಿ ಮಂಗಳೂರಿಗೆ ಹೋಗಿ ನಡೆದೇ ಊರು ನೋಡಿದೆ. ಬಂದರಿನ ದಕ್ಕೆಯಲ್ಲಿ ಬೆಳಗಿನ ಜಾವ ದೋಣಿಗಳಿಂದ ಬಂಗುಡೆ, ಬೂತಾಯಿ ಇಳಿಯುತ್ತಿದ್ದವು. ಹರಾಜಿನ ಕೂಗೆಲ್ಲ ತುಳುವಿನಲ್ಲಿ, ಬ್ಯಾರಿಯಲ್ಲಿ. ಇಲ್ಲಿಂದ ಐಸ್ ತುಂಬಿಕೊಂಡು ಹೊರಡುವ ಮೀನೇ ನಮ್ಮ ಸಂತೆಗೆ ಬರುವುದು. ಬೋಳೂರಿನಲ್ಲಿ ಟಿಪ್ಪು 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿ ಇದೆ. ಕಪ್ಪು ಕಲ್ಲಿನ ಸಣ್ಣ ಕಾವಲು ಕೋಟೆ, ಕೆಳಗೆ ಫಲ್ಗುಣಿ ನದಿ. ಅಲ್ಲಿಂದ ದೋಣಿಯಲ್ಲಿ ದಾಟಿದರೆ ತಣ್ಣೀರುಬಾವಿ. ಒಂದು ಕಡೆ ನದಿ, ಮರಳ ಪಟ್ಟಿ ದಾಟಿದರೆ ಇನ್ನೊಂದು ಕಡೆ ಕಡಲು! ನಕಾಶೆಯಲ್ಲಿ ಎಷ್ಟು ಸಲ ತೋರಿಸಿದರೂ ತಲೆಗೆ ಹೋಗದ ನದೀಮುಖದ ಪಾಠ ಅಲ್ಲಿ ಹತ್ತು ನಿಮಿಷದಲ್ಲಿ ಅರ್ಥವಾಗುತ್ತದೆ.

ಮಂಗಳೂರಿನದೇ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ನಮ್ಮ ಶಾಲೆಯ ಹಳೆಯ ಕಟ್ಟಡದ ಮೇಲಿರುವುದು ಮಂಗಳೂರು ಹೆಂಚೇ. ಮಳೆಗಾಲದಲ್ಲಿ ಅದರ ಸಂದಿಯಿಂದ ಹನಿ ಬೀಳುವಾಗ ಮಕ್ಕಳು ಬೆಂಚು ಸರಿಸಿಕೊಳ್ಳುತ್ತಾರೆ, ಅದು ಎಲ್ಲಿಂದ ಬಂತೆಂದು ಯಾರೂ ಕೇಳಿಲ್ಲ. ನಮ್ಮ ಘಟ್ಟದ ಮಳೆಯೂ ಹಾಗೆಯೇ. ಕೆಂಪುಹೊಳೆಯಾಗಿ ಇಳಿದು, ಕುಮಾರಧಾರೆಗೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯಾಗಿ, ಉಳ್ಳಾಲದ ಬಳಿ ಕಡಲು ಸೇರುತ್ತದೆ. ನಮ್ಮ ಕಾಫಿ ಹಡಗು ಹತ್ತುವುದೂ ಪಣಂಬೂರಿನ ನವಮಂಗಳೂರು ಬಂದರಿನಲ್ಲಿ. ಆ ಊರು ನಮಗೆ ಬೇರೆಯದಲ್ಲ.

ತಣ್ಣೀರುಬಾವಿಯಲ್ಲಿ ಬಲೆ ಸರಿ ಮಾಡುತ್ತಿದ್ದ ಹಿರಿಯ ಮೀನುಗಾರರೊಬ್ಬರ ಪಕ್ಕ ಬಹಳ ಹೊತ್ತು ಕೂತಿದ್ದೆ. 'ಅಲೆ ಒಡೆಯುವ ಜಾಗಕ್ಕೆ ನಿಮ್ಮ ಮಕ್ಕಳು ಹೆದರುತ್ತಾರೆ ಟೀಚರೇ. ಅಕ್ಕಪಕ್ಕ ಅಲೆ ಒಡೆಯುತ್ತಿದ್ದರೂ ನಡುವೆ ಒಂದು ಕಡೆ ನೀರು ಸುಮ್ಮನಿದ್ದ ಹಾಗೆ ಕಾಣುತ್ತದಲ್ಲ, ಅಲ್ಲಿಗೇ ಹೋಗುತ್ತಾರೆ. ಒಳಕ್ಕೆ ಎಳೆಯುವುದು ಅದೇ' ಎಂದರು. ಆ ಸೆಳೆತಕ್ಕೆ ಸಿಕ್ಕರೆ ದಡದ ಕಡೆ ಈಜಬಾರದು, ಈಜಿದಷ್ಟೂ ಸುಸ್ತು. ದಡದ ಉದ್ದಕ್ಕೆ ಅಡ್ಡ ಈಜಿ ಸೆಳೆತದಿಂದ ಹೊರಬಂದು, ಆಮೇಲೆ ದಡಕ್ಕೆ ತಿರುಗಬೇಕು. ಈಜಲಾಗದಿದ್ದರೆ ತೇಲುತ್ತಾ ಕೈ ಎತ್ತಬೇಕು. ಉಳ್ಳಾಲದ ಬಳಿಯ ಸೋಮೇಶ್ವರದಂಥ ಬಂಡೆಗಳಿರುವ ಕಡೆ ನೀರಿಗೆ ಇಳಿಯಲೇಬಾರದು. ಇಪ್ಪತ್ತು ವರ್ಷ ಭೂಗೋಳ ಕಲಿಸಿದ ನನಗೆ ಇದು ಅಂದೇ ಗೊತ್ತಾಗಿದ್ದು.

ನಿಮ್ಮಲ್ಲಿ ಕೇಳುವುದು ಇಷ್ಟೇ. ಪ್ರವಾಸದ ಅನುಮತಿ ಪತ್ರದಲ್ಲಿ ಕಡಲತೀರದ ಹೆಸರಿನ ಜೊತೆ ಅಲ್ಲಿಗೆ ತಲುಪುವ ಹೊತ್ತನ್ನೂ ಬರೆಸಿ. ಹಗಲಲ್ಲದಿದ್ದರೆ, ಜೀವರಕ್ಷಕರಿಲ್ಲದಿದ್ದರೆ ಸಹಿ ಹಾಕಬೇಡಿ. ಹೊರಡುವ ಮೊದಲು ಒಂದು ಪೀರಿಯಡ್ ಕಡಲ ಪಾಠ ಕಡ್ಡಾಯವಾಗಲಿ. ಐದು ಊರು ಸುತ್ತುವ ಬದಲು ಒಂದೇ ಊರನ್ನು ನಡೆದು ನೋಡುವ ಪ್ರವಾಸಕ್ಕೂ ಒಪ್ಪಿಗೆ ಕೊಡಿ. 'ಅಷ್ಟು ದುಡ್ಡು ಕೊಟ್ಟು ಒಂದೇ ಊರಾ?' ಎಂದು ಪೋಷಕರು ಕೇಳಿಯೇ ಕೇಳುತ್ತಾರೆ. ಅವರಿಗೆ ಉತ್ತರ ಹೇಳುವ ಹೊಣೆ ನನ್ನದು.

ನಮ್ಮ ಶಾಲೆಯ ಅರ್ಜಿ ಸದ್ಯದಲ್ಲೇ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಯ ಮೂಲಕ ನಿಮಗೆ ಬರುತ್ತದೆ. ಸ್ಥಳಗಳ ಕಾಲಂನಲ್ಲಿ ಮಂಗಳೂರು ಎಂಬ ಒಂದೇ ಹೆಸರಿರುತ್ತದೆ. ತಣ್ಣೀರುಬಾವಿ ತಲುಪುವ ಹೊತ್ತು, ಬೆಳಿಗ್ಗೆ ಒಂಬತ್ತು.

ಇಂತಿ ತಮ್ಮ ವಿಶ್ವಾಸಿ,
ಸಕಲೇಶಪುರ ತಾಲ್ಲೂಕಿನ ಒಬ್ಬ ಶಿಕ್ಷಕಿ