ಊಟದ ಮೇಜಿನ ಮೇಲೆ ಸಿಕ್ಕ ಉತ್ತರ

ಮಾನ್ಯ ಸಂಪಾದಕರೇ,

ಲೇಖನ ಎಷ್ಟು, ಅವನ್ನು ಉಲ್ಲೇಖಿಸಿದವರು ಎಷ್ಟು ಎಂದು ಎಣಿಸಿಯೇ ಕ್ಯಾನ್ಸರ್ ಜೀನ್ ಸಂಶೋಧಕರನ್ನು ಅಳೆಯುವುದು ಈಗ ಜಾಸ್ತಿಯಾಗಿದೆ. ನನಗೆ ಷಿಕಾಗೊದ ವಿಜ್ಞಾನಿ ಜಾನೆಟ್ ರೌಲಿ ನೆನಪಾಗುತ್ತಾರೆ.

ನಾಲ್ಕು ಗಂಡುಮಕ್ಕಳ ತಾಯಿ ಅವರು. ಮಕ್ಕಳು ಚಿಕ್ಕವರಿದ್ದಾಗ ವಾರದಲ್ಲಿ ಕೆಲವೇ ದಿನ ಕೆಲಸಕ್ಕೆ ಹೋಗುತ್ತಿದ್ದರು. ಕ್ರೋಮೋಸೋಮ್‌ಗಳ, ಅಂದರೆ ಜೀವಕೋಶದೊಳಗೆ ಜೀನ್‌ಗಳನ್ನು ಹೊತ್ತ ಎಳೆಗಳ, ಫೋಟೊಗಳನ್ನು ಮನೆಗೆ ತಂದು, ಊಟದ ಮೇಜಿನ ಮೇಲೆ ಹರಡಿ, ಒಂದೊಂದನ್ನೇ ಕತ್ತರಿಸಿ ಜೋಡಿಸಿ ನೋಡುತ್ತಿದ್ದರು. ಒಂದು ಬಗೆಯ ರಕ್ತ ಕ್ಯಾನ್ಸರ್‌ನಲ್ಲಿ ಒಂದು ಕ್ರೋಮೋಸೋಮ್ ಗಿಡ್ಡವಾಗಿರುತ್ತದೆ ಎಂಬುದು 1960ರಿಂದಲೇ ಗೊತ್ತಿತ್ತು; ಅದು 22ನೆಯದು ಎಂದು ಆಮೇಲೆ ತಿಳಿಯಿತು. ಆ ಚೂರು ಕಳೆದೇ ಹೋಗಿದೆ ಅಂದುಕೊಂಡಿದ್ದರು. ಇಲ್ಲ, ಅದು 9ನೆಯದಕ್ಕೆ ಹೋಗಿ ಅಂಟಿಕೊಂಡಿದೆ ಎಂದು ರೌಲಿ ತೋರಿಸಿದರು. 1973ರಲ್ಲಿ 'ನೇಚರ್' ವಿಜ್ಞಾನ ಪತ್ರಿಕೆಯಲ್ಲಿ ಬಂದ ಆ ಬರಹ ಕೆಲವೇ ಪುಟದ್ದು, ಬರೆದವರು ಅವರೊಬ್ಬರೇ.

ಅದನ್ನು ಉಲ್ಲೇಖಿಸಿದವರು ಈಗ ಸಾವಿರಾರು ಮಂದಿ, ನಿಜ. ಆದರೆ ಕ್ಯಾನ್ಸರ್‌ಗೆ ಕ್ರೋಮೋಸೋಮ್ ಬದಲಾವಣೆಯೇ ಮೂಲ ಎಂಬ ಮಾತನ್ನು ಆಗ ಬಹಳ ಜನ ಒಪ್ಪಿರಲಿಲ್ಲ. ಬರೀ ಎಣಿಕೆ ನೋಡಿದ್ದರೆ ಮೊದಲ ವರ್ಷಗಳಲ್ಲಿ ಅವರ ಕೆಲಸದ ತೂಕ ಯಾರಿಗೆ ತಿಳಿಯುತ್ತಿತ್ತು?

ನಮ್ಮ ಆಯ್ಕೆ ಸಮಿತಿಗಳವರು ಸಂಶೋಧಕರ ಎರಡು ಲೇಖನಗಳನ್ನಾದರೂ ಕೂತು ಓದಲಿ. ಸುಮ್ನೆ ಅಂಕಿ ನೋಡಿ ಕಳಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ.

9 ಮತ್ತು 22ನೇ ಕ್ರೋಮೋಸೋಮ್‌ಗಳ ಚೂರುಗಳು ಹೀಗೆ ಅದಲುಬದಲಾಗುವುದರಿಂದ ಹುಟ್ಟುವ ಪ್ರೋಟೀನನ್ನು ತಡೆಯುವ ಇಮ್ಯಾಟಿನಿಬ್ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ, ರೌಲಿ ಅವರ ಬರಹ ಬಂದ 28 ವರ್ಷಗಳ ನಂತರ. ನಮ್ಮ ಭಾವ ದಿನಾ ರಾತ್ರಿ ಊಟ ಮಾಡಿ, ದೊಡ್ಡ ಲೋಟದ ತುಂಬ ನೀರು ಕುಡಿದು ಅದೇ ಮಾತ್ರೆ ನುಂಗುತ್ತಾರೆ. ಬೆಳಿಗ್ಗೆ ತೋಟಕ್ಕೆ ಹೋಗುತ್ತಾರೆ.

— ಒಬ್ಬ ಓದುಗ, ಶಿವಮೊಗ್ಗ